ಬಣ್ಣ ಕಳಚಿದ ಮೇಲೆ ಬರೆದದ್ದು

1972ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ನಾನು ಮೊದಲ ಬಾರಿಗೆ ಕ್ಯಾಮೆರಾದ ಮುಂದೆ ನಿಂತೆ. 1987ರಲ್ಲಿ, ನನಗಿಂತ ಆರು ವರ್ಷ ಹಿರಿಯರಾದ ನಾಯಕನಟರೊಬ್ಬರ ತಾಯಿಯ ಪಾತ್ರಕ್ಕೆ ಕರೆ ಬಂದಾಗ ಆಗುವುದಿಲ್ಲವೆಂದು ಹೇಳಿದವಳು ಮತ್ತೆ ಬಣ್ಣ ಹಚ್ಚಲಿಲ್ಲ. ನಡುವಿನ ಹದಿನೈದು ವರ್ಷಗಳಲ್ಲಿ ಮೂವತ್ತೆಂಟು ಕನ್ನಡ ಚಿತ್ರಗಳಲ್ಲಿ ನಟಿಸಿದೆ. ಆ ದಿನಗಳ ಬಗ್ಗೆ ಪುಸ್ತಕ ಬರೆಯಲು ಕುಳಿತದ್ದು 2011ರಲ್ಲಿ. ಅದು ಅಚ್ಚಾಗಿ ಕೈಗೆ ಬಂದದ್ದು 2016ರಲ್ಲಿ. ಐದು ವರ್ಷ ಏಕೆ ಬೇಕಾಯಿತು ಎಂದು ಕೇಳುವವರಿದ್ದಾರೆ, ತಮ್ಮ ಬದುಕನ್ನೂ ಬರೆಯಬೇಕೆಂಬ ಆಸೆಯಿಂದ ಕೇಳುವ ಹಿರಿಯ ಕಲಾವಿದರೂ ಇದ್ದಾರೆ. ಅವರಿಗಾಗಿ ನಾನು ಮಾಡಿದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ನನ್ನನ್ನು ಕೇಳಿದ ಪ್ರಕಾಶಕರು, "ಮೇಡಂ, ನೀವು ಹೇಳುತ್ತಾ ಹೋಗಿ, ನಮ್ಮವರು ಬರೆದುಕೊಳ್ಳುತ್ತಾರೆ" ಎಂದರು. ಇದರಲ್ಲಿ ತಪ್ಪೇನೂ ಇಲ್ಲ. ಮರಾಠಿಯ ನಟಿ ಹಂಸಾ ವಾಡ್ಕರ್ ಅವರ ಆತ್ಮಕಥೆ ಹಾಗೆ ಬಾಯಲ್ಲಿ ಹೇಳಿ ಬರೆಸಿದ್ದೇ; 1977ರಲ್ಲಿ ಶ್ಯಾಮ್ ಬೆನಗಲ್ ಅವರು 'ಭೂಮಿಕಾ' ಚಿತ್ರ ತೆಗೆಯಲು ಅದೇ ಆಧಾರವಾಯಿತು. ಹೀಗಾಗಿ ನಾನೂ ಧೈರ್ಯದಿಂದ ಒಪ್ಪಿ, ಎರಡು ತಿಂಗಳು, ವಾರಕ್ಕೆರಡು ಸಂಜೆ ರೆಕಾರ್ಡರಿನ ಮುಂದೆ ಕುಳಿತೆ. ಅದನ್ನು ಬರಹಕ್ಕಿಳಿಸಿ ತಂದುಕೊಟ್ಟ ನೂರಿಪ್ಪತ್ತು ಪುಟಗಳನ್ನು ಓದಿದಾಗ ಮಾತ್ರ ಮನಸ್ಸು ಕುಸಿಯಿತು. ಮೂವತ್ತು ವರ್ಷಗಳ ಹಿಂದೆ ಸಿನಿಮಾ ಪತ್ರಿಕೆಗಳವರಿಗೆ ಹೇಳುತ್ತಿದ್ದ ಮಾತುಗಳೇ, ಅದೇ ಕ್ರಮದಲ್ಲಿ, ಅದೇ ಜಾಗದಲ್ಲಿ ನಗುವನ್ನು ಇಟ್ಟುಕೊಂಡು, ಪುಟದಿಂದ ಪುಟಕ್ಕೆ ಬಂದಿದ್ದವು. ಎದುರಿಗೊಬ್ಬರು ಕುಳಿತು ಕೇಳುತ್ತಿದ್ದಾರೆಂದರೆ ಅವರನ್ನು ಮೆಚ್ಚಿಸುವ ಅಭ್ಯಾಸ ನನ್ನಲ್ಲಿ ಅಷ್ಟು ಆಳಕ್ಕೆ ಇಳಿದಿತ್ತು. ಆ ಪುಟಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿ, ಗೆರೆ ಹಾಕಿದ ನೋಟ್‌ಬುಕ್ ತಂದು, ಬೆಳಗಿನ ಐದರಿಂದ ಏಳರವರೆಗೆ, ಯಾರೂ ಏಳದ ಹೊತ್ತಿನಲ್ಲಿ, ಕೈಯಾರೆ ಬರೆಯತೊಡಗಿದೆ.

ಆಗ ಎದುರಾದದ್ದು ನೆನಪಿನ ಸಮಸ್ಯೆ. ಸಿನಿಮಾದಲ್ಲಿ ಕಥೆ ನಡೆಯುವ ಕ್ರಮದಲ್ಲಿ ಚಿತ್ರೀಕರಣ ನಡೆಯುವುದಿಲ್ಲ. ಬೆಳಿಗ್ಗೆ ಗಂಡನ ಶವದ ಮುಂದೆ ಅತ್ತು, ಮಧ್ಯಾಹ್ನ ಅದೇ ಸೆಟ್ಟಿನಲ್ಲಿ ಅದೇ ಗಂಡನ ಜೊತೆ ಮದುವೆಯ ಹಸೆಗೆ ಕೂರುವುದು ನಮಗೆ ದಿನನಿತ್ಯದ ಕೆಲಸ. ಹದಿನೈದು ವರ್ಷ ಹಾಗೆ ಬದುಕಿದವಳ ತಲೆಯಲ್ಲಿ ಸ್ವಂತ ಬದುಕೂ ತುಂಡು ತುಂಡು ಶಾಟ್‌ಗಳಾಗಿ ಕುಳಿತಿರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಕಲಸಿಹೋಗಿರುತ್ತದೆ. ನನ್ನನ್ನು ಕಾಪಾಡಿದ್ದು ಅಮ್ಮನ ಲೆಕ್ಕದ ಪುಸ್ತಕಗಳು. ಆ ಕಾಲಕ್ಕೆ ಕನ್ನಡ ಚಿತ್ರಗಳ ಬಹುಪಾಲು ಕೆಲಸ ಮದ್ರಾಸಿನಲ್ಲೇ ನಡೆಯುತ್ತಿತ್ತು. ರಾತ್ರಿ ರೈಲಿನಲ್ಲಿ ಹೋಗಿ, ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೋಗಳಲ್ಲಿ ಮುಗಿಸಿ ಬರುತ್ತಿದ್ದೆವು. ಜೊತೆಗೆ ಬರುತ್ತಿದ್ದ ಅಮ್ಮ ದಿನಾಂಕ, ಸ್ಟುಡಿಯೋ, ಎಷ್ಟನೆಯ ಫ್ಲೋರು (ಸೆಟ್ ಹಾಕುವ ಹಜಾರ), ಟ್ಯಾಕ್ಸಿಗೆ ಕೊಟ್ಟದ್ದು, ಪ್ಯಾಕಪ್ ಆದ ಹೊತ್ತು, ಇಷ್ಟನ್ನು ನೀಲಿ ಶಾಯಿಯಲ್ಲಿ ತಪ್ಪದೆ ಬರೆದಿಡುತ್ತಿದ್ದರು. ಮೂರು ದಿನ ಊಟ ಬಿಟ್ಟು ಅತ್ತು ಮಾಡಿದೆನೆಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದ ದೃಶ್ಯವೊಂದು ಆ ಪುಸ್ತಕದಲ್ಲಿ ಅರ್ಧ ದಿನದ ಕೆಲಸವಾಗಿತ್ತು. ಅದರ ಕೆಳಗೆ "ಮಗು ಚೆನ್ನಾಗಿ ಊಟ ಮಾಡಿತು" ಎಂದೂ ಇತ್ತು. ಅಲ್ಲಿಂದ ಮುಂದೆ ಅಮ್ಮನ ಪುಸ್ತಕವನ್ನೋ, ಹಳೆಯ ಕರಾರು ಪತ್ರವನ್ನೋ, ಶಾಟಿನಿಂದ ಶಾಟಿಗೆ ಉಡುಗೆ ತೊಡುಗೆ ಬದಲಾಗದಿರಲೆಂದು, ಅಂದರೆ ಕಂಟಿನ್ಯೂಟಿಗಾಗಿ, ತೆಗೆದ ಫೋಟೋವನ್ನೋ ಪಕ್ಕದಲ್ಲಿಟ್ಟು ತಾಳೆ ನೋಡದೆ ಒಂದು ಪುಟವನ್ನೂ ಮುಗಿಸಲಿಲ್ಲ.

ಹಣದ ವಿಷಯ ಬರೆಯುವುದು ಕಷ್ಟವಾಯಿತು. ಕೊನೆಯ ಕಂತನ್ನು ಕೊಡದೆ, ಡಬ್ಬಿಂಗ್ ಮುಗಿಯುವವರೆಗೆ ಇವತ್ತು ನಾಳೆ ಎಂದು ಓಡಾಡಿಸಿ, ಚಿತ್ರ ಬಿಡುಗಡೆಯಾದ ಮೇಲೆ ಮುಖ ಕೊಟ್ಟೂ ಮಾತಾಡದ ನಿರ್ಮಾಪಕರೊಬ್ಬರಿದ್ದರು. ಅವರ ಬಗ್ಗೆ ಮೊದಲ ಕರಡಿನಲ್ಲಿ ಹನ್ನೊಂದು ಪುಟ ಬರೆದಿದ್ದೆ. ವರ್ಷದ ನಂತರ ಓದಿದಾಗ ಅದರಲ್ಲಿ ಸಿಟ್ಟು ಬಿಟ್ಟರೆ ಓದುಗರಿಗೆ ಸಿಗುವಂಥದ್ದೇನೂ ಇರಲಿಲ್ಲ. ಹೆಸರು ತೆಗೆದೆ, ಆಗಿನ ಕರಾರುಗಳು ಹೇಗಿರುತ್ತಿದ್ದವು, ಹೆಣ್ಣುಮಕ್ಕಳ ಪರವಾಗಿ ಸಹಿ ಹಾಕುತ್ತಿದ್ದವರು ಯಾರು, ಕೊನೆಯ ಕಂತು ಏಕೆ ಯಾವಾಗಲೂ ಡಬ್ಬಿಂಗಿಗೆ ಗಂಟುಬೀಳುತ್ತಿತ್ತು ಎಂಬುದನ್ನು ಮಾತ್ರ ಉಳಿಸಿ ಒಂದೂವರೆ ಪುಟಕ್ಕೆ ಇಳಿಸಿದೆ. ಆ ಒಂದೂವರೆ ಪುಟವನ್ನು ಓದಿ ಈಗಿನ ಇಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದರು.

ಆದರೆ ಪುಸ್ತಕ ನಿಜಕ್ಕೂ ಪುಸ್ತಕವಾದದ್ದು ಬೇರೊಂದು ಅಧ್ಯಾಯದಿಂದ. ನನ್ನ ಮೊದಲ ಹನ್ನೊಂದು ಚಿತ್ರಗಳಲ್ಲಿ ತೆರೆಯ ಮೇಲೆ ಕೇಳುವ ದನಿ ನನ್ನದಲ್ಲ. ಆಗ ಬಳಸುತ್ತಿದ್ದ ಆರಿ ಕ್ಯಾಮೆರಾದ ಮೋಟಾರು ಬಹಳ ಸದ್ದು ಮಾಡುತ್ತಿದ್ದುದರಿಂದ ಚಿತ್ರೀಕರಣದ ಹೊತ್ತಿನಲ್ಲಿ ಹಿಡಿದ ಮಾತು ದಾರಿ ತೋರಿಸುವುದಕ್ಕಷ್ಟೇ ಬರುತ್ತಿತ್ತು. ಎಲ್ಲ ಮಾತನ್ನೂ ಆಮೇಲೆ ಡಬ್ಬಿಂಗ್ ಥಿಯೇಟರಿನಲ್ಲಿ ಮತ್ತೆ ಹೇಳಬೇಕಿತ್ತು. ನನ್ನ ಸರದಿ ಬಂದಾಗ, "ಈ ಹುಡುಗಿಯ ದನಿ ಭಾರ, ಮುಖಕ್ಕೆ ಹೊಂದುವುದಿಲ್ಲ" ಎಂದು ತೀರ್ಮಾನಿಸಿ ಬೇರೊಬ್ಬರಿಂದ ಕಂಠದಾನ ಮಾಡಿಸಿದರು. ಟೈಟಲ್ ಕಾರ್ಡಿನಲ್ಲಿ ಅವರ ಹೆಸರಿರಲಿಲ್ಲ. ನಾನೂ ಅವರನ್ನು ಕಂಡಿರಲಿಲ್ಲ. ಕಾಣಬೇಕೆಂದು ಅನಿಸಿಯೂ ಇರಲಿಲ್ಲ. ಜನ ದಾರಿಯಲ್ಲಿ ನಿಲ್ಲಿಸಿ, "ನಿಮ್ಮ ಮಾತು ಜೇನಿನಂತೆ" ಎಂದಾಗ ಕೈಮುಗಿದು ಮುಂದೆ ಹೋಗಿದ್ದೇನೆ.

ಇದನ್ನು ಬರೆಯದೆ ಉಳಿದದ್ದನ್ನು ಬರೆಯುವುದು ಸರಿಯಲ್ಲವೆನಿಸಿ, ನಿವೃತ್ತ ಸೌಂಡ್ ಇಂಜಿನಿಯರ್ ಒಬ್ಬರ ಮೂಲಕ 2013ರಲ್ಲಿ ಅವರನ್ನು ಹುಡುಕಿದೆ. ನನಗಿಂತ ಎಂಟು ವರ್ಷ ದೊಡ್ಡವರು. ಬಾಗಿಲು ತೆಗೆದು "ಬಾಮ್ಮ, ಒಳಗೆ ಬಾ" ಎಂದ ಕೂಡಲೇ ಎದೆ ಝಲ್ಲೆಂದಿತು. ನನ್ನ ಹದಿನೆಂಟನೆಯ ವಯಸ್ಸು ಆ ಹೊಸ್ತಿಲಲ್ಲಿ ನಿಂತು ಮಾತಾಡಿದಂತಿತ್ತು. ಕ್ಷಮೆ ಕೇಳಬೇಕೆಂದು ಹೋಗಿದ್ದೆ. ಅವರು ಅದಕ್ಕೆ ಎಡೆಯನ್ನೇ ಕೊಡದೆ, ಆ ಕಾಲದ ಕೆಲಸವನ್ನು ವಿವರಿಸತೊಡಗಿದರು: ಒಂದು ಶಾಟಿನ ಫಿಲ್ಮನ್ನು ತಲೆಗೆ ಬಾಲ ಅಂಟಿಸಿ ಬಳೆಯಂತೆ ಮಾಡಿ ಪ್ರೊಜೆಕ್ಟರಿಗೆ ಹಾಕುತ್ತಿದ್ದರು, ಅದಕ್ಕೆ ಲೂಪ್ ಎನ್ನುತ್ತಿದ್ದರು, ಅದು ಸುತ್ತುತ್ತಲೇ ಇರುತ್ತಿತ್ತು, ತುಟಿ ಮತ್ತು ಮಾತು ಕೂಡುವವರೆಗೆ ಅದೇ ಹತ್ತು ಸೆಕೆಂಡಿನ ಮುಖವನ್ನು ಇಪ್ಪತ್ತು ಸಲ, ಮೂವತ್ತು ಸಲ ನೋಡಬೇಕಿತ್ತು. "ನಿನ್ನ ಮುಖವನ್ನು ನಿನ್ನ ತಾಯಿ ನೋಡಿದ್ದಕ್ಕಿಂತ ಹೆಚ್ಚು ನಾನು ನೋಡಿದ್ದೀನಿ. ಅಳುವ ಮಾತಿಗೆ ಮುಂಚೆ ನೀನು ಮೂಗಿನಿಂದ ಉಸಿರು ಎಳೆದುಕೊಳ್ತಿದ್ದೆ, ಬಲಗಡೆ ಕತ್ತಿನ ನರ ಒಂದು ಸಲ ಮೇಲೇಳ್ತಿತ್ತು. ಅದನ್ನ ನೋಡಿಕೊಂಡೇ ನಾನು ಮಾತು ಹಿಡಿಯೋದು" ಎಂದರು. ನನಗೇ ಗೊತ್ತಿರದ ನನ್ನ ನಟನೆಯನ್ನು ಅವರು ನಲವತ್ತು ವರ್ಷ ನೆನಪಿಟ್ಟುಕೊಂಡಿದ್ದರು.

ಆ ನಂತರ ಒಂಬತ್ತು ಸಲ ಅವರ ಮನೆಗೆ ಹೋದೆ. ಚಿತ್ರಗಳ ಪಟ್ಟಿಯಂತೆ ಒಂದರ ಹಿಂದೊಂದು ಸಾಗುತ್ತಿದ್ದ ನನ್ನ ಕರಡನ್ನು ಒಡೆದು, ಕೆಲಸದ ಜಾಗಗಳ ಸುತ್ತ ಮತ್ತೆ ಕಟ್ಟಿದೆ: ಮೇಕಪ್ ಕೋಣೆ, ಫ್ಲೋರು, ರೈಲು, ಡಬ್ಬಿಂಗ್ ಥಿಯೇಟರು. ಹಾಗೆ ಮಾಡಿದಾಗ ಟಚ್‌ಅಪ್ ಹುಡುಗ, ಕೂದಲು ಕಟ್ಟುತ್ತಿದ್ದ ಹೆಂಗಸು, ಮಾತು ಮರೆತಾಗ ಕ್ಯಾಮೆರಾದ ಮರೆಯಿಂದ ಎತ್ತಿಕೊಡುತ್ತಿದ್ದ ಸಹಾಯಕ ನಿರ್ದೇಶಕ ಇವರೆಲ್ಲ ತಾವಾಗಿಯೇ ಒಳಗೆ ಬಂದರು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿಯೇ ಇಂದು ಉಳಿದಿಲ್ಲ. ಅದರಲ್ಲಿ ತ್ರಿಪುರಾಂಬ ಅವರು ಸುಲೋಚನೆಯ ಮಾತನ್ನು ಹೇಗೆ ಹೇಳಿದ್ದರೆಂದು ನೋಡಿ ತಿಳಿಯುವ ದಾರಿ ಮುಚ್ಚಿಹೋಗಿದೆ. ನಟಿಯ ಕೆಲಸಕ್ಕೇ ಈ ಗತಿಯಾದರೆ, ಹೆಸರೇ ಹಾಕದ ದನಿಯ ಕೆಲಸವನ್ನು ಯಾರಾದರೂ ಬರೆದಿಡದೆ ಹೇಗೆ ಉಳಿದೀತು?

ಕರಡಚ್ಚು ಬಂದಾಗ ಆ ಅಧ್ಯಾಯವನ್ನು ಅವರಿಗೆ ಕೊಟ್ಟೆ. ಕಣ್ಣು ಮಂಜಾಗಿದ್ದುದರಿಂದ ಕಿಟಕಿಯ ಬಳಿ ಕುಳಿತು, ಗಟ್ಟಿಯಾಗಿ, ಒಂದೊಂದೇ ವಾಕ್ಯವನ್ನು ಓದಿದರು. ಬಾಗಿಲಲ್ಲಿ ಅವರನ್ನು ಮೊದಲು ಕಂಡ ದಿನದ ಬಗ್ಗೆ ನಾನು ಬರೆದಿದ್ದ ಉದ್ದದ ವಾಕ್ಯದ ನಡುವೆ ನಿಂತು, "ಇಲ್ಲಿ ನಿನಗೆ ಉಸಿರು ಬೇಕಾಗುತ್ತೆ ಕಣಮ್ಮ" ಎಂದು ನನ್ನ ಪೆನ್ನನ್ನು ಇಸಿದುಕೊಂಡು ಒಂದು ಅಲ್ಪವಿರಾಮ ಹಾಕಿದರು. ಅಚ್ಚಿನ ಮನೆಯವರು ಅದನ್ನು ತಪ್ಪೆಂದು ಎರಡು ಸಲ ತೆಗೆದರು. ಎರಡು ಸಲವೂ ನಾನು ಹೋಗಿ ಮತ್ತೆ ಸೇರಿಸಿ ಬಂದೆ.