ದಿನಕ್ಕೊಂದು ಪದ್ಯ, ಹತ್ತು ಪುಟ

ಆಫೀಸಿನ ಧಾವಂತ ಸಾಕಾಗಿ ಪುಸ್ತಕ ಹಿಡಿಯುವವರಲ್ಲಿ ಬಹಳ ಮಂದಿ ಟಾರ್ಗೆಟ್ಟನ್ನೂ ಜೊತೆಗೇ ತರುತ್ತಾರೆ. ವರ್ಷಕ್ಕೆ 50 ಪುಸ್ತಕ, ವಾರಕ್ಕೊಂದು ಕಾದಂಬರಿ ಅಂತ. ಒಂದು ವಾರ ತಪ್ಪಿದರೆ ಓದೂ ಬಾಕಿ ಕೆಲಸವಾಗಿಬಿಡುತ್ತದೆ. ಮೊದಲು ಆ ಪಟ್ಟಿ ಹರಿದುಹಾಕಿ.

ಶುರುವಿಗೆ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ (1943) ಅನುಕೂಲ. ನಾಲ್ಕೇ ಸಾಲಿನ 945 ಪದ್ಯಗಳು; ದಿನಕ್ಕೊಂದರಂತೆ ಓದಿದರೆ ಎರಡೂವರೆ ವರ್ಷ ದಾಟುತ್ತದೆ. ಯಾವ ಅಪ್ರೈಸಲ್ಲೂ ಒಪ್ಪದ ವೇಗ, ನಮಗೆ ಬೇಕಾದದ್ದೂ ಅದೇ. ಬೆಳಿಗ್ಗೆ ಮೊಬೈಲ್ ಮುಟ್ಟುವ ಮುಂಚೆ ಮೂರು ಸಲ ಓದಿ. ಮೊದಲ ಸಲ ಗಟ್ಟಿಯಾಗಿ, ಅರ್ಥದ ಗೊಡವೆಯಿಲ್ಲದೆ. ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇರುವುದರಿಂದ ಲಯ ಬೇಗ ಹಿಡಿತಕ್ಕೆ ಸಿಗುತ್ತದೆ. ಎರಡನೆಯ ಸಲ ಪೆನ್ಸಿಲ್ಲಿನಿಂದ ಗೆರೆ ಎಳೆದು ಸಂಧಿ ಬಿಡಿಸಿ. ಕಗ್ಗ ಕಷ್ಟ ಅನ್ನುವವರು ಎಡವುವುದು ಇಲ್ಲೇ. ಎಷ್ಟೋ ಕಡೆ ಗೊತ್ತಿರುವ ಪದಗಳೇ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೂರನೆಯದು ಅರ್ಥಕ್ಕೆ. ವ್ಯಾಖ್ಯಾನ ಬೇಕಾದರೆ ಸಂಜೆ ನೋಡಿ. ಮೊದಲೇ ನೋಡಿದರೆ ಪದ್ಯ ಮರೆತು ವ್ಯಾಖ್ಯಾನವಷ್ಟೇ ತಲೆಯಲ್ಲಿ ಉಳಿಯುತ್ತದೆ. ಇನ್ನೊಂದು ಮಾತು: ಮೊದಲ ಪುಟಗಳಲ್ಲಿ ಸಮಾಧಾನಕ್ಕಿಂತ ಪ್ರಶ್ನೆಗಳೇ ಹೆಚ್ಚು. ಗಾಬರಿ ಬೇಡ. ನಮ್ಮನ್ನು ಕಾಡುವುದನ್ನು ಇನ್ನೊಬ್ಬರು ಆಗಲೇ ಕೇಳಿಕೊಂಡಿದ್ದಾರೆ ಅನ್ನುವುದೇ ಅರ್ಧ ಧೈರ್ಯ.

ಸಂಜೆಗೆ ಕಾದಂಬರಿ, ಹತ್ತು ಪುಟ, ಊಟಕ್ಕೆ ಮುಂಚೆ. ಹಾಸಿಗೆಯಲ್ಲಿ ಹನ್ನೊಂದು ಗಂಟೆಗೆ ತೆರೆದರೆ ಒಂದೇ ಸಾಲು ನಾಲ್ಕು ಸಲ ಓದುತ್ತೀರಿ. ಮೊದಲು ತೇಜಸ್ವಿಯವರ ‘ಕರ್ವಾಲೊ’. ನಗಿಸುತ್ತಲೇ ಕಾಡಿನೊಳಕ್ಕೆ ಎಳೆದುಕೊಂಡು ಹೋಗುತ್ತದೆ. ಆಮೇಲೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). 700ಕ್ಕೂ ಹೆಚ್ಚು ಪುಟ, ಎರಡು ತಿಂಗಳಿಗೂ ಮಿಕ್ಕ ಓದು. ‘ಇದರಲ್ಲಿ ಹೀರೋ ಯಾರು?’ ಅಂತ ಕಾಯುವವರು ಐವತ್ತನೇ ಪುಟಕ್ಕೆ ಬಿಡುತ್ತಾರೆ. ಇಲ್ಲಿ ಒಬ್ಬನೇ ನಾಯಕನಿಲ್ಲ, ಕಥೆ ಮನೆಯಿಂದ ಮನೆಗೆ ಹರಿಯುತ್ತದೆ. ಒಂದು ಚೀಟಿಯಲ್ಲಿ ಮನೆ, ಹೆಸರು, ನಂಟು ಬರೆದು ಪುಸ್ತಕದೊಳಗೇ ಇಡಿ. ನೂರು ಪುಟ ದಾಟಿದ ಮೇಲೆ ಅದರ ಅಗತ್ಯ ಬೀಳುವುದು ಕಡಿಮೆ.

ಮೆಟ್ರೋದಲ್ಲಿ ನಿಂತೇ ಹೋಗುವವರು ಇಂಥ ದಪ್ಪ ಪುಸ್ತಕ ಒಯ್ಯಬೇಡಿ. ಒಂದು ಕೈ ಹಿಡಿಕೆಗೇ ಹೋಗುತ್ತದೆ. ತೆಳ್ಳನೆಯ ಕಥಾಸಂಕಲನ ಸಾಕು. ಔಟರ್ ರಿಂಗ್ ರೋಡಿನ ಬಸ್ಸಿನಲ್ಲಂತೂ ಓದಲೇಬೇಡಿ, ಬ್ರೇಕಿಗೆ ಬ್ರೇಕು ಬಿದ್ದು ತಲೆಸುತ್ತು ಬರುತ್ತದೆ. ಮನೆಯಲ್ಲಿ ಏಕಾಂತ ಸಿಗದಿದ್ದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಅಂದರೆ ಕೇಂದ್ರ ಗ್ರಂಥಾಲಯ, ಇದೆ. ರಜೆಯ ದಿನ ಯಾವುದೆಂದು ವಿಚಾರಿಸಿಕೊಂಡು ಹೋಗಿ, ಫೋನ್ ಸೈಲೆಂಟ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿ.

ಅವೆನ್ಯೂ ರಸ್ತೆಯಲ್ಲಿ ಹಳೇ ಪ್ರತಿ ಕೊಳ್ಳುವಾಗ ಬರೀ ರಟ್ಟು ನೋಡಬೇಡಿ. ಪುಸ್ತಕವನ್ನು ಸಾಮಾನ್ಯವಾಗಿ 16 ಪುಟಗಳ ಫಾರಂಗಳಾಗಿ ಮಡಿಸಿ ಹೊಲಿದಿರುತ್ತಾರೆ. ಹೊಲಿಗೆ ಸಡಿಲವಾದರೆ ಇಡೀ ಫಾರಂ ಬಿದ್ದುಹೋಗಿರಬಹುದು. 16, 32, 48 ಹೀಗೆ ಪುಟಸಂಖ್ಯೆ ತಾಳೆ ನೋಡಿ, ಕೊನೆಯ ಫಾರಮನ್ನು ಎರಡು ಸಲ ನೋಡಿ, ಆಮೇಲೆ ಚೌಕಾಸಿಗೆ ಇಳಿಯಿರಿ.