ಬಲೆ ಬಿಟ್ಟು ಹಿಕ್ಕೆ ಹಿಡಿದೆ: ಅಘನಾಶಿನಿಯಲ್ಲಿ ಹಕ್ಕಿಜ್ವರದ ನಿಗಾ

ಒಂದೂ ಹಕ್ಕಿಯನ್ನು ಮುಟ್ಟದೆ, ಬರೀ ಹಿಕ್ಕೆಯಿಂದ, ವೈರಸ್ಸಿನ ಜೀನ್ ಹುಡುಕುವ ಪಿಸಿಆರ್‌ಗೆ ಆಗುವಂಥ ಮಾದರಿ ತೆಗೆಯಬಹುದು ಅಂದಾಗ ನಮ್ಮವರೇ ಒಪ್ಪಲಿಲ್ಲ. ಕರಾವಳಿಯ ಬಿಸಿಲಿಗೆ ವೈರಸ್ಸಿನ ಜೀನ್ ಆದ ಆರ್‌ಎನ್‌ಎ ಉಳಿಯುವುದಿಲ್ಲ ಅಂದರು. ಈಗ ಅಘನಾಶಿನಿ ಅಳಿವೆಯಿಂದ ಕಳಿಸಿದ ಟ್ಯೂಬುಗಳಲ್ಲಿ ಹತ್ತಕ್ಕೆ ಎಂಟು ಇಂಟರ್ನಲ್ ಕಂಟ್ರೋಲ್ (ಮಾದರಿ ಕೆಟ್ಟಿಲ್ಲ ಅಂತ ತೋರಿಸುವ ಪರೀಕ್ಷೆ) ಪಾಸಾಗುತ್ತಿವೆ.

ಮೊದಲ ಚಳಿಗಾಲದ ದುಡ್ಡೆಲ್ಲ ನೀರಿಗೆ ಹೋಯಿತು. ದೋಣಿ, ಐಸು, ವಿಟಿಎಂ (ವೈರಸ್ ಕೆಡದಂತೆ ಸಾಗಿಸುವ ದ್ರವ), ಸ್ವಾಬು ಸೇರಿ ಸುಮಾರು 40 ಸಾವಿರ. ಬಿಸಿಲೇರಿದ ಮೇಲೆ ಎತ್ತಿದ ಮಾದರಿಗಳಲ್ಲಿ ವೈರಸ್ ಹೋಗಲಿ, ಹಕ್ಕಿಯದೇ ಜೀನ್ ಕೂಡ ಕಾಣಲಿಲ್ಲ, ಅಂದರೆ ಮಾದರಿಯೇ ಕೆಟ್ಟಿತ್ತು. ಅಂಥ ನೆಗೆಟಿವ್ ಇಟ್ಟುಕೊಂಡು ಏನು ಮಾಡುವುದು? ಸಾಲದ್ದಕ್ಕೆ ಪಾರ್ಸೆಲ್‌ನವರು ಪೆಟ್ಟಿಗೆಯನ್ನು ಗೋದಾಮಿನಲ್ಲೇ ಕೂರಿಸಿದ್ದರು.

ಬದಲಾಯಿಸಿದ್ದು ಹೊತ್ತು ಮತ್ತು ಜಾಗ. ನಸುಕಿನಲ್ಲಿ ಇಳಿತ ಇರುವ ದಿನ ನೋಡಿ, ಬಳಚು (ಚಿಪ್ಪುಮೀನು) ತೆಗೆಯುವವರ ದೋಣಿಯಲ್ಲೇ ನಡುದಿಬ್ಬಕ್ಕೆ ಹೋಗುತ್ತೇನೆ. "ಹಿಕ್ಕೆ ಹೆಕ್ಕೂಕೆ ದೋಣಿ ಬೇಕಾ ಡಾಕ್ಟ್ರೇ?" ಅಂದವರೇ ಈಗ ಹಿಂಡು ಎಲ್ಲಿ ಕೂತಿದೆ ಅಂತ ಹಿಂದಿನ ಸಂಜೆಯೇ ಫೋನ್ ಮಾಡುತ್ತಾರೆ.

ಒಂದೇ ಜಾತಿಯ ಹಿಂಡು ಅಂತ ದುರ್ಬೀನಿನಲ್ಲಿ ಖಾತ್ರಿಯಾಗಬೇಕು, ಹಕ್ಕಿಗಳು ತಾವಾಗಿಯೇ ಏಳಬೇಕು, ಆಮೇಲೆ ಇಳಿಯುವುದು. ಹೊಳೆಯುವಷ್ಟು ಹಸಿ ಇದ್ದದ್ದು ಮಾತ್ರ. ಬಿಳಿ ಭಾಗ ಯೂರಿಕ್ ಆಮ್ಲ, ಪಿಸಿಆರ್ ಕೆಡಿಸುತ್ತದೆ. ಸ್ವಾಬು ನಡುವಿನ ಕಪ್ಪು-ಹಸಿರಿಗೆ ಮೇಲಿನಿಂದ ತಾಗಬೇಕು, ಅಡಿಯ ಮರಳಿಗಲ್ಲ. ಐದು ಹಿಕ್ಕೆಗೆ ಒಂದು ಟ್ಯೂಬು. ಹಿಂಡು ಒಂದೇ ದಿಬ್ಬದಲ್ಲಿ ಹೆಚ್ಚು ಹೊತ್ತು ಕೂರಲು ಒಂದು ಉಪಾಯವಿದೆ. ಅದನ್ನು ಬರೆದರೆ ಫೋಟೊಕ್ಕಾಗಿ ಬಳಸುವವರು ಹುಟ್ಟುತ್ತಾರೆ. ಕೆಲಸಕ್ಕೆ ಬಂದವರಿಗೆ ತೋರಿಸುತ್ತೇನೆ.

ಮೀನಿನ ಥರ್ಮಾಕೋಲ್ ಪೆಟ್ಟಿಗೆ, ಐಸ್ ಪ್ಲಾಂಟಿನ ಐಸು ಧಾರಾಳ ಸಾಕು. ಎರಡು ದಿನದೊಳಗೆ ಲ್ಯಾಬು ಮುಟ್ಟದಿದ್ದರೆ −20ರ ಫ್ರೀಜರ್ ನಂಬಬೇಡಿ. ದನಗಳ ಕೃತಕ ಗರ್ಭಧಾರಣೆಗೆ ಬಳಸಿಬಿಟ್ಟ ಹಳೆಯ ದ್ರವ ನೈಟ್ರೋಜನ್ ಕ್ಯಾನ್ ಒಂದನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ನಡುವೆ ಗಜನಿಯ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ) ನೀರು ಸೋಸಿಯೂ ನೋಡಿದೆ. ಲೀಟರ್ ಮುಗಿಯುವ ಮೊದಲೇ ಫಿಲ್ಟರ್ ಕೆಸರಿಗೆ ಕಟ್ಟಿಕೊಂಡಿತು. ಮುಂಡಗೋಡದ ಅತ್ತಿವೇರಿಯಲ್ಲಿ ಬಾತುಗಳ ಹಿಕ್ಕೆ ನೀರಿಗೇ ಬೀಳುತ್ತದೆ, ಕೆರೆ ಏರಿಯ ಮೇಲೆ ಸಿಕ್ಕಷ್ಟೇ ಲಾಭ. ಆದರೂ ಬಾತುಗಳನ್ನು ಬಿಡುವ ಹಾಗಿಲ್ಲ, ರೋಗದ ಲಕ್ಷಣವೇ ಇಲ್ಲದೆ ವೈರಸ್ ಹೊತ್ತು ತಿರುಗುವವು ಹೆಚ್ಚಾಗಿ ಅವೇ. 2021ರ ಜನವರಿಯಲ್ಲಿ ಹಿಮಾಚಲದ ಪೊಂಗ್ ಜಲಾಶಯದಲ್ಲಿ ಎಚ್5ಎನ್1 ಹಕ್ಕಿಜ್ವರ ಖಚಿತವಾಗುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಹಕ್ಕಿ ಸತ್ತಾಗಿತ್ತು, ಹೆಚ್ಚಿನವು ಪಟ್ಟೆತಲೆ ಹೆಬ್ಬಾತು. ಹೆಣ ಬೀಳುವವರೆಗೆ ನಾವು ಕಾಯಬೇಕೇ?

ನನ್ನ ಟ್ಯೂಬುಗಳಲ್ಲಿ ಇದುವರೆಗೆ ಎಚ್5 ಇಲ್ಲ, ಮತ್ತು ಈ 'ಇಲ್ಲ' ನಂಬುವಂಥದ್ದು. ಖರ್ಚು ಟ್ಯೂಬಿಗೆ ಅಂದಾಜು 250 ರೂಪಾಯಿ. ನವೆಂಬರಿನಿಂದ ಕಾರವಾರದ ಕಾಳಿ ಅಳಿವೆಯಲ್ಲೂ ಶುರು ಮಾಡುತ್ತೇನೆ. ಅಲ್ಲಿ ದೋಣಿ ಬಾಡಿಗೆ ಇನ್ನೂ ಮಾತಾಡಬೇಕು.