ಅಮೆರಿಕದಲ್ಲಿ ಕ್ರಿಮಿನಲ್ ಜಸ್ಟಿಸ್ ಪದವಿಗೆ ಸೇರುವ ಮುನ್ನ

ಅಮೆರಿಕದ ಕಾಲೇಜುಗಳಲ್ಲಿ ಕ್ರಿಮಿನಲ್ ಜಸ್ಟಿಸ್ ಎಂಬ ಹೆಸರಿನಲ್ಲಿ ಸಿಗುವ ನಾಲ್ಕು ವರ್ಷಗಳ ಪದವಿ ಕಾನೂನು ಪದವಿಯಲ್ಲ. ಅದೊಂದನ್ನೇ ಮುಗಿಸಿದವರು ನ್ಯಾಯಾಲಯದಲ್ಲಿ ವಕೀಲರಾಗಿ ವಾದಿಸುವಂತಿಲ್ಲ. ಪಿಯುಸಿ ಮುಗಿದ ಕೂಡಲೇ ಐದು ವರ್ಷಗಳ ಕಾನೂನು ಪದವಿಗೆ ಸೇರುವ ಭಾರತದ ಕ್ರಮಕ್ಕೆ ಒಗ್ಗಿದ ಪಾಲಕರು ಎರಡನ್ನೂ ಒಂದೇ ಎಂದುಕೊಳ್ಳುವುದು ಸಹಜ. ಅಮೆರಿಕದಲ್ಲಿ ವಕೀಲರಾಗಬಯಸುವವರು ಸಾಮಾನ್ಯವಾಗಿ ಯಾವುದಾದರೊಂದು ವಿಷಯದಲ್ಲಿ ಪದವಿ ಪಡೆದು, ಲಾ ಸ್ಕೂಲ್ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್ ಅಥವಾ ಹಲವು ಲಾ ಸ್ಕೂಲ್‌ಗಳು ಒಪ್ಪುವ ಜಿಆರ್‌ಇ ಬರೆದು, ಮೂರು ವರ್ಷಗಳ ಜೆಡಿ ಎಂಬ ಕಾನೂನು ಪದವಿ ಓದಿ, ತಾವು ವೃತ್ತಿ ನಡೆಸುವ ರಾಜ್ಯದಲ್ಲಿ ಬಾರ್ ಪರವಾನಗಿ ಪಡೆಯುತ್ತಾರೆ. ಮೊದಲ ಪದವಿ ಕ್ರಿಮಿನಲ್ ಜಸ್ಟಿಸ್‌ನಲ್ಲೇ ಇರಬೇಕೆಂಬ ನಿಯಮವಿಲ್ಲ. ಗಣಿತವನ್ನೋ ಇತಿಹಾಸವನ್ನೋ ಓದಿದವರೂ ಅಷ್ಟೇ ಅರ್ಹರು.

ಹಾಗಾದರೆ ಈ ಪದವಿಯಲ್ಲಿ ಕಲಿಸುವುದೇನು? ಪೊಲೀಸ್, ನ್ಯಾಯಾಲಯ, ಕಾರಾಗೃಹ ಎಂಬ ಮೂರು ವ್ಯವಸ್ಥೆಗಳನ್ನು ಸಮಾಜವಿಜ್ಞಾನದ ಕಣ್ಣಿನಿಂದ ನೋಡುವುದನ್ನು ಕಲಿಸುತ್ತಾರೆ. ಪೊಲೀಸರಿಗೆ ಕಾಲೇಜು ಶಿಕ್ಷಣವಿರಬೇಕೆಂದು ಅಧ್ಯಕ್ಷ ಲಿಂಡನ್ ಜಾನ್ಸನ್ ನೇಮಿಸಿದ್ದ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಮರುವರ್ಷದ ಕಾಯ್ದೆಯಡಿ ಅದಕ್ಕೆ ಕೇಂದ್ರದ ಹಣ ಹರಿದು ಬಂದ ಮೇಲೆ ಇಂತಹ ವಿಭಾಗಗಳು ದೇಶದಾದ್ಯಂತ ಹಬ್ಬಿದವು. ಈಗ ಹೆಸರುವಾಸಿಯಾಗಿರುವ ನ್ಯೂಯಾರ್ಕಿನ ಜಾನ್ ಜೇ ಕಾಲೇಜು ಕೂಡ 1964ರಲ್ಲಿ ಪೊಲೀಸ್ ವಿಜ್ಞಾನದ ಕಾಲೇಜಾಗಿಯೇ ಆರಂಭವಾಯಿತು. ನನ್ನ ದೃಷ್ಟಿಯಲ್ಲಿ ಈ ಪದವಿಯ ನಿಜವಾದ ತಿರುಳಿರುವುದು ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ, ಅಂದರೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ತಪ್ಪಿಸಿಕೊಳ್ಳಲು ನೋಡುವ ತರಗತಿಗಳಲ್ಲಿಯೇ. ಎಫ್‌ಬಿಐ 1930ರಿಂದ ಪ್ರಕಟಿಸುತ್ತಿರುವ ಅಂಕಿಅಂಶಗಳು ಪೊಲೀಸರ ಗಮನಕ್ಕೆ ಬಂದ ಅಪರಾಧಗಳನ್ನು ಮಾತ್ರ ಎಣಿಸುತ್ತವೆ. 1970ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಸಂತ್ರಸ್ತರ ಸಮೀಕ್ಷೆಯಾದರೋ ಹನ್ನೆರಡು ವರ್ಷ ತುಂಬಿದ ಮನೆಮಂದಿಯನ್ನೇ ನೇರವಾಗಿ ಕೇಳಿ, ದೂರು ದಾಖಲಾಗದ ಅಪರಾಧಗಳನ್ನೂ ಅಂದಾಜು ಮಾಡುತ್ತದೆ. ಅದರಲ್ಲಿ ಕೊಲೆಯ ಲೆಕ್ಕ ಮಾತ್ರ ಇರುವುದಿಲ್ಲ, ಏಕೆಂದರೆ ಉತ್ತರಿಸಬೇಕಾದವರು ಬದುಕಿರುವುದಿಲ್ಲ. ಈ ಎರಡು ಲೆಕ್ಕಗಳು ಏಕೆ ಹೊಂದುವುದಿಲ್ಲವೆಂದು ಬಲ್ಲವರು, ಅಪರಾಧ ಏರಿತು ಅಥವಾ ಇಳಿಯಿತು ಎನ್ನುವ ಚುನಾವಣಾ ಭಾಷಣಗಳನ್ನು ಸುಲಭವಾಗಿ ನಂಬುವುದಿಲ್ಲ.

ಅಪರಾಧ ಕಾನೂನನ್ನು ಪದವಿಯಲ್ಲಿ ಒಂದೆರಡು ಕೋರ್ಸುಗಳಲ್ಲಿ ಪರಿಚಯಿಸುತ್ತಾರೆ. ಆಳವಾದ ಅಧ್ಯಯನ ನಡೆಯುವುದು ಜೆಡಿಯಲ್ಲಿ, ಬಹುತೇಕ ಲಾ ಸ್ಕೂಲ್‌ಗಳಲ್ಲಿ ಮೊದಲ ವರ್ಷವೇ. ಭಾರತದಲ್ಲಿ ಇಡೀ ದೇಶಕ್ಕೆ ಒಂದೇ ದಂಡಸಂಹಿತೆ, ಅಂದರೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಅನ್ವಯಿಸಿದರೆ, ಇಲ್ಲಿ ಐವತ್ತು ರಾಜ್ಯಗಳಿಗೂ ತಮ್ಮ ತಮ್ಮ ಅಪರಾಧ ಕಾನೂನುಗಳಿದ್ದು, ಅವುಗಳ ಜೊತೆಗೆ ಕೇಂದ್ರದ ಕಾನೂನುಗಳೂ ಇವೆ. ಆದ್ದರಿಂದ ಅಧ್ಯಾಪಕರು ನ್ಯಾಯಾಲಯಗಳ ತೀರ್ಪುಗಳಿಂದ ಬೆಳೆದ ಹಳೆಯ ಕಾಮನ್ ಲಾ ತತ್ವಗಳನ್ನೂ, ಅಮೆರಿಕನ್ ಲಾ ಇನ್‌ಸ್ಟಿಟ್ಯೂಟ್ 1962ರಲ್ಲಿ ಹೊರತಂದ ಮಾದರಿ ದಂಡಸಂಹಿತೆಯನ್ನೂ ಎದುರುಬದುರು ಇಟ್ಟು ಪಾಠ ಮಾಡುತ್ತಾರೆ. ಆ ಸಂಹಿತೆ ತಾನಾಗಿಯೇ ಎಲ್ಲಿಯೂ ಜಾರಿಯಲ್ಲಿರುವ ಕಾನೂನಲ್ಲ. ಆದರೂ ಅನೇಕ ರಾಜ್ಯಗಳು ಅದರಿಂದ ಎರವಲು ಪಡೆದಿವೆ. ಮಹಡಿಯಿಂದ ಎಸೆದ ಕಲ್ಲು ತಗುಲಿ ದಾರಿಹೋಕರೊಬ್ಬರು ಸತ್ತರೆನ್ನಿ. ಆ ಸಂಹಿತೆಯ ಪ್ರಕಾರ, ಕೊಲ್ಲಲೆಂದೇ ಎಸೆದದ್ದಾದರೆ, ಅಥವಾ ಸಾವು ಬಹುತೇಕ ಖಚಿತವೆಂದು ತಿಳಿದೂ ಎಸೆದದ್ದಾದರೆ ಅದು ಕೊಲೆ. ಅಪಾಯ ಗೊತ್ತಿದ್ದೂ ಲೆಕ್ಕಿಸದಿದ್ದರೆ ಸಾಮಾನ್ಯವಾಗಿ ಕೊಲೆಗಿಂತ ಕೆಳದರ್ಜೆಯ ಅಪರಾಧವಾದ ಮ್ಯಾನ್‌ಸ್ಲಾಟರ್. ಅರಿಯಬೇಕಾಗಿದ್ದ ಅಪಾಯವನ್ನು ಅರಿಯದೇ ಹೋಗಿದ್ದರೆ ನಿರ್ಲಕ್ಷ್ಯದಿಂದಾದ ನರಹತ್ಯೆ. ಪರೀಕ್ಷೆಯಲ್ಲಿ ಇಂತಹ ಕಥೆಯನ್ನೇ ಕೊಟ್ಟು ವಾದ ಕಟ್ಟಿರೆನ್ನುವುದರಿಂದ ಕಂಠಪಾಠ ಹೆಚ್ಚು ನೆರವಾಗದು.

ಬಂಧನ, ಶೋಧ, ವಿಚಾರಣೆಗಳ ವಿಧಿಗಳು ಪ್ರತ್ಯೇಕ ವಿಷಯ. ಬಡ ಆರೋಪಿಗೂ ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಒದಗಿಸಬೇಕೆಂದ ಅಮೆರಿಕದ ಸುಪ್ರೀಂ ಕೋರ್ಟಿನ 1963ರ ಗಿಡಿಯನ್ ತೀರ್ಪು, ಬಂಧಿತರನ್ನು ಪೊಲೀಸರು ಪ್ರಶ್ನಿಸುವ ಮೊದಲೇ ಮೌನದ ಹಕ್ಕನ್ನು ತಿಳಿಸಬೇಕೆಂದ 1966ರ ಮಿರಾಂಡ ತೀರ್ಪು ಎಲ್ಲರಿಗೂ ಪಾಠ. ತಪ್ಪೊಪ್ಪಿಗೆಯಿಂದ ಗಡೀಪಾರಾಗುವ ಅಪಾಯವಿದ್ದರೆ ವಕೀಲರು ಅದನ್ನು ಕಕ್ಷಿದಾರರಿಗೆ ಹೇಳಲೇಬೇಕೆಂದ 2010ರ ಪಡಿಲ್ಲ ತೀರ್ಪನ್ನಂತೂ ವಲಸಿಗರು ವಿದ್ಯಾರ್ಥಿಗಳಲ್ಲದಿದ್ದರೂ ತಿಳಿದಿರಬೇಕು.

ಶುಲ್ಕಕ್ಕಿಂತ ಮೊದಲು ನಮ್ಮ ಕುಟುಂಬಗಳು ವಿಚಾರ ಮಾಡಬೇಕಾದದ್ದು ಪೌರತ್ವವನ್ನು. ಪೌರರಲ್ಲವೆಂಬ ಕಾರಣಕ್ಕೆ ಕಾಯಂ ನಿವಾಸಿಗಳನ್ನು ವಕೀಲಿಯಿಂದ ದೂರವಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1973ರಲ್ಲಿ ಗ್ರಿಫಿತ್ಸ್ ಪ್ರಕರಣದಲ್ಲಿ ಹೇಳಿತು. ಅದೇ ಕೋರ್ಟ್ 1978ರಲ್ಲಿ ರಾಜ್ಯ ಪೊಲೀಸ್ ಹುದ್ದೆಗಳನ್ನೂ, 1982ರಲ್ಲಿ, ಜೈಲಿನ ಬದಲು ನಿಗಾದಲ್ಲಿರುವ ಅಪರಾಧಿಗಳನ್ನು ನೋಡಿಕೊಳ್ಳುವ ಪ್ರೊಬೇಷನ್ ಅಧಿಕಾರಿಗಳ ಹುದ್ದೆಗಳನ್ನೂ ರಾಜ್ಯಗಳು ಪೌರರಿಗೆ ಮೀಸಲಿಡಬಹುದೆಂದಿತು. ಎಂದರೆ ಗ್ರೀನ್ ಕಾರ್ಡ್ ಇರುವ ಯುವತಿಗೆ ಹೆಚ್ಚು ವರ್ಷ ಓದಬೇಕಾದ ವಕೀಲಿ ವೃತ್ತಿಯ ಬಾಗಿಲು ತೆರೆದಿದ್ದರೂ, ಕಡಿಮೆ ಓದು ಸಾಕಾಗುವ ಪೊಲೀಸ್ ಹುದ್ದೆಯ ಬಾಗಿಲು ಮುಚ್ಚಿರಬಹುದು. ಕ್ಯಾಲಿಫೋರ್ನಿಯಾ 2023ರಿಂದ ಪೊಲೀಸರಿಗೆ ಪೌರತ್ವದ ಷರತ್ತನ್ನು ಕೈಬಿಟ್ಟಿದೆ. ಎಫ್‌ಬಿಐ ಏಜೆಂಟರಿಗೆ ಅದು ಇಂದಿಗೂ ಕಡ್ಡಾಯ. ಎಫ್‌-1 ವಿದ್ಯಾರ್ಥಿ ವೀಸಾದವರ ಪಾಡು ಇನ್ನೂ ಬಿಗಿ: ಪದವಿಯ ನಂತರ ಹನ್ನೆರಡು ತಿಂಗಳ ಒಪಿಟಿ ಎಂಬ ಕೆಲಸದ ಅನುಮತಿ ದೊರೆತರೂ, ಕ್ರಿಮಿನಲ್ ಜಸ್ಟಿಸ್ ಸಾಮಾನ್ಯವಾಗಿ ವಿಜ್ಞಾನ, ತಂತ್ರಜ್ಞಾನ ವಿಷಯಗಳ ಸ್ಟೆಮ್ ಪಟ್ಟಿಯಲ್ಲಿಲ್ಲದ ಕಾರಣ ಇಪ್ಪತ್ನಾಲ್ಕು ತಿಂಗಳ ವಿಸ್ತರಣೆ ಸಿಗುವುದಿಲ್ಲ. ವಿಧಿವಿಜ್ಞಾನ ಆ ಪಟ್ಟಿಯಲ್ಲಿದೆ. ರಸಾಯನಶಾಸ್ತ್ರದಲ್ಲಿ ಆಸಕ್ತಿಯಿರುವವರು ಅತ್ತ ಯೋಚಿಸುವುದು ಒಳಿತು.

ಭಾರತದಲ್ಲಿ ಎಲ್‌ಎಲ್‌ಬಿ ಮುಗಿಸಿ ಬಂದವರು ಒಂದು ವರ್ಷದ ಎಲ್‌ಎಲ್‌ಎಂ ಓದಿ ನ್ಯೂಯಾರ್ಕ್ ಬಾರ್ ಪರೀಕ್ಷೆಗೆ ಕುಳಿತುಕೊಳ್ಳುವ ದಾರಿ ಇದೆ. ಆದರೆ ಆ ರಾಜ್ಯ ಎಲ್‌ಎಲ್‌ಎಂನಲ್ಲಿ ಯಾವ ಯಾವ ಬಗೆಯ ಕೋರ್ಸುಗಳಿರಬೇಕೆಂದು ನಿಗದಿಪಡಿಸಿರುವುದರಿಂದ, ಅಪರಾಧ ಕಾನೂನಿನ ಕೋರ್ಸುಗಳನ್ನೇ ತುಂಬಿಕೊಂಡರೆ ಅರ್ಹತೆ ತಪ್ಪಬಹುದು.

ಕೊನೆಯದಾಗಿ ಇಂಟರ್ನ್‌ಷಿಪ್. ಬಡ ಆರೋಪಿಗಳ ಪರ ವಾದಿಸುವ ಪಬ್ಲಿಕ್ ಡಿಫೆಂಡರ್ ಅಥವಾ ಜಿಲ್ಲಾ ಪ್ರಾಸಿಕ್ಯೂಟರ್ ಕಚೇರಿಯಲ್ಲಿ ಕಳೆಯುವ ಒಂದು ಬೇಸಿಗೆ ಎಷ್ಟೋ ತರಗತಿಗಳಿಗೆ ಸಮ. ಎಫ್‌-1ನವರು ಮಾತ್ರ, ಸಂಬಳವಿಲ್ಲದ ಕೆಲಸವೇ ಆಗಿದ್ದರೂ, ಮೊದಲ ದಿನಕ್ಕೆ ಮುಂಚೆಯೇ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಓದಿನ ಭಾಗವಾಗಿ ಕೆಲಸ ಮಾಡಲು ಕೊಡುವ ಸಿಪಿಟಿ ಅನುಮತಿ ಬೇಕೇ ಎಂದು ವಿಚಾರಿಸಿ, ಬೇಕೆಂದರೆ ಅನುಮತಿ ಕೈಸೇರಿದ ಮೇಲೆಯೇ ಕೆಲಸ ಆರಂಭಿಸಬೇಕು.